ಕೆಲಸ ಬಿಡದೆ ಓದುವವಳಿಗೆ ದೊಡ್ಡಮ್ಮನ ಕಿವಿಮಾತು

ಪುಟ್ಟಿ, ಆಫೀಸು ಬಿಡದೆ ಎಂ.ಟೆಕ್ ಮಾಡಲೋ, ಪಿಎಚ್‌ಡಿಗೆ ಸೇರಲೋ ಅಂತ ಕೇಳಿದ್ದೆಯಲ್ಲ. ಫೋನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆದಿದ್ದೇನೆ.

• ಎಂ.ಟೆಕ್ ಸಾಕೆಂದರೆ ಬಿಟ್ಸ್ ಪಿಲಾನಿಯ ಕೋರ್ಸ್ ನೋಡು. ಕೆಲಸದಲ್ಲಿರುವವರಿಗಾಗಿ 1979ರಿಂದ ನಡೆಸುತ್ತಿದ್ದಾರೆ. ಕೊನೆಯ ಸೆಮಿಸ್ಟರಿನ ಡಿಸರ್ಟೇಶನ್ನನ್ನು ಆಫೀಸಿನ ಕೆಲಸದ ಮೇಲೆಯೇ ಮಾಡಬಹುದು. ಪಿಎಚ್‌ಡಿಗೆ ಐಐಎಸ್‌ಸಿಯಲ್ಲಿ ಎಕ್ಸ್‌ಟರ್ನಲ್ ರಿಜಿಸ್ಟ್ರೇಶನ್ ಇದೆ, ಆದರೆ ನಿನ್ನ ಸಂಸ್ಥೆಯಲ್ಲಿ ಸಂಶೋಧನೆ ನಡೆಯುತ್ತಿರಬೇಕು. ಇಲ್ಲವಾದರೆ ವಿಟಿಯು ಪಾರ್ಟ್ ಟೈಮ್. ಅದರ ಕಾಲೇಜುಗಳು ನಮ್ಮ ಸುತ್ತಮುತ್ತಲೇ ಇವೆ.

• ಆಫೀಸಿನ ಸಮಸ್ಯೆಯನ್ನೇ ಸಂಶೋಧನೆ ಅಂದುಕೊಳ್ಳಬೇಡ. ಸರ್ವರ್ ನಿಧಾನವಾಯಿತು, ಸರಿ ಮಾಡಿದೆ: ಇದು ಟಿಕೆಟ್. ಎಂಥ ಲೋಡ್ ಬಿದ್ದಾಗ ನಿಧಾನವಾಗುತ್ತದೆ, ಮೊದಲೇ ಹೇಳಬಹುದಾ, ಬೇರೆಯವರ ಸರ್ವರಿಗೂ ಅದೇ ಮಾತು ನಿಲ್ಲುತ್ತದಾ: ಇದು ಪ್ರಬಂಧ. ನಿನ್ನ ಮ್ಯಾನೇಜರ್ ಮೊದಲನೆಯದಕ್ಕೆ ಶಭಾಷ್ ಅನ್ನುತ್ತಾರೆ, ಗೈಡ್ ಎರಡನೆಯದನ್ನು ಕೇಳುತ್ತಾರೆ. ಇಬ್ಬರನ್ನೂ ಒಮ್ಮೆ ಎದುರುಬದುರು ಕೂರಿಸು.

• ಪಾರ್ಟ್ ಟೈಮ್ ಪಿಎಚ್‌ಡಿಗೆ ಯುಜಿಸಿಯ 2022ರ ನಿಯಮದಂತೆ ಆಫೀಸಿನ ಎನ್‌ಒಸಿ ಬೇಕೇ ಬೇಕು. ಓದಲು ಅನುಮತಿ ಇದೆ, ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕಿಗೆ ಬಿಡುವು ಕೊಡುತ್ತೇವೆ ಅಂತ ಅದರಲ್ಲಿರಬೇಕು. ಮ್ಯಾನೇಜರ್ ಬಾಯಿಮಾತಲ್ಲಿ ಹೂಂ ಅಂದರೆ ನಂಬಿ ಕೂರಬೇಡ. ಮುಂದಿನ ವರ್ಷ ಅವರೇ ಇರುತ್ತಾರೋ ಇಲ್ಲವೋ.

• ಡೇಟಾದ ಬಗ್ಗೆ ಬೇರೆಯೇ ಪತ್ರ ಬರೆಸಿಕೋ. ಯಾವುದನ್ನು ಬಳಸಬಹುದು, ಗ್ರಾಹಕರ ಹೆಸರು ಹೇಗೆ ಮರೆಸಬೇಕು, ಪ್ರಕಟಣೆಗೆ ಮುಂಚೆ ಯಾರು ಓದಬೇಕು, ಎಲ್ಲ ಅದರಲ್ಲಿರಲಿ. ಪಿಎಚ್‌ಡಿ ಪ್ರಬಂಧ ಶೋಧಗಂಗಾ ಜಾಲತಾಣದಲ್ಲಿ ಹೋಗಿ ಕೂರುತ್ತದೆ, ಯಾರು ಬೇಕಾದರೂ ಓದಬಹುದು. ಪೇಟೆಂಟಿನ ಯೋಚನೆಯಿದ್ದರೆ ಅರ್ಜಿ ಮೊದಲು, ಪೇಪರ್ ಆಮೇಲೆ. ಉಲ್ಟಾ ಆದರೆ ಹೊಸತು ಅನ್ನುವ ಹಕ್ಕೇ ಹೋಗಬಹುದು.

• ಫೀಸು ಕಂಪನಿ ಕಟ್ಟಿದರೆ ಬಾಂಡ್ ಓದಿ ಸಹಿ ಹಾಕು.

• ಕಾಲೇಜಿಗೆ ಹೋಗಲು ಸುಬ್ರಹ್ಮಣ್ಯಪುರದಿಂದ ಗಾಡಿ ತೆಗೆಯಬೇಡ. ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿದರೆ ಯಶವಂತಪುರಕ್ಕೆ ಒಂದೇ ರೈಲು, ಐಐಎಸ್‌ಸಿ ಹತ್ತಿರ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಗಾದರೆ ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸು, 2025ರ ಆಗಸ್ಟ್‌ನಿಂದ ಓಡುತ್ತಿದೆ. ಸೀಟು ಸಿಕ್ಕರೆ ಪೇಪರ್ ಓದು, ಸಿಗದಿದ್ದರೆ ಸುಮ್ಮನೆ ನಿಂತುಕೋ, ತಲೆಗೂ ಬಿಡುವು ಬೇಕು.

• ಮನೆಯಲ್ಲಿ ಅವಧಿ ಮುಚ್ಚಿಡಬೇಡ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6ರವರೆಗೆ ಅವಕಾಶ. ನಿಮ್ಮತ್ತೆಯವರಿಗೆ 6 ಅಂತಲೇ ಹೇಳು.

• ನಡುವೆ ಕೆಲಸ ಬದಲಾಯಿಸಿದರೆ ಡೇಟಾ ಹಳೇ ಆಫೀಸಲ್ಲೇ ಉಳಿಯುತ್ತದೆ. ಅದಕ್ಕೇ ಒಂದು ಅಧ್ಯಾಯವನ್ನಾದರೂ ಸಾರ್ವಜನಿಕ ಡೇಟಾದ ಮೇಲೆ ಕಟ್ಟು. ಯಾವ ಡೇಟಾ ಅಂತ ಅರ್ಜಿ ಹಾಕುವ ಮೊದಲೇ ಗೈಡ್ ಹತ್ತಿರ ಕೇಳಿಕೋ.