ಕೇಕ್ ಬೇಡ ಅಂದರು, ನಿಮ್ಮನ್ನಲ್ಲ

ಪ್ರಶ್ನೆ: ನಾನು ಮಾನ್ವಿಯ ಗೃಹಿಣಿ. ಮಾವನವರಿಗೆ ಶುಗರ್ ಇದೆ. ಮಗನಿಗೆ ಬೇಕರಿ ಕೇಕ್ ಅಂದರೆ ಪ್ರಾಣ. ಎಲ್ಲರ ಆರೋಗ್ಯಕ್ಕೆಂದು ಬೆಣ್ಣೆ, ಸಕ್ಕರೆ ಪೂರ್ತಿ ಬಿಟ್ಟು ಕುಂಬಳಕಾಯಿ, ಬಾಳೆಹಣ್ಣು ರುಬ್ಬಿ ಹಾಕಿ ಕೇಕ್ ಮಾಡಿದೆ. ಅಂಟಂಟಾಯಿತು. ಮಗ ತಟ್ಟೆ ಸರಿಸಿದ. ಅತ್ತೆಯವರು ‘ಸುಮ್ಮನೆ ಸಾಮಾನು ಹಾಳು’ ಅಂದರು. ಬಹಳ ಬೇಸರವಾಗಿದೆ. ಮುಂದೆ ಯಾರಿಗೂ ಹೇಳದೆ ಬೆರೆಸಿಬಿಡಲೇ?

ಉತ್ತರ: ಮನೆಯವರಿಗಾಗಿ ಆಸೆಪಟ್ಟು ಮಾಡಿದ್ದನ್ನು ಅವರೇ ಪಕ್ಕಕ್ಕಿಟ್ಟರೆ ನೋವಾಗದೆ ಇರುತ್ತದೆಯೇ? ದೇವದುರ್ಗ, ರಾಯಚೂರಿನ ಹೆಣ್ಣುಮಕ್ಕಳೂ ಇದೇ ಬೇಸರ ಬರೆಯುತ್ತಾರೆ. ಅಂದು ಅವರಿಗೆ ಹಿಡಿಸದೆ ಹೋದದ್ದು ಕೇಕಿನ ರುಚಿ. ಅದನ್ನು ನಿಮ್ಮ ಪ್ರೀತಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಕೇಕ್ ಅಂಟಾಗಲು ಕಾರಣವಿದೆ. ಕುಂಬಳಕಾಯಿಯಲ್ಲಿ ಶೇಕಡಾ 90ರಷ್ಟು ನೀರೇ. ಬೆಣ್ಣೆ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ಕೇಕನ್ನು ಮೆದುವಾಗಿಡುತ್ತದೆ, ಸಕ್ಕರೆಯೂ ಅದೇ ಕೆಲಸಕ್ಕೆ ಕೈಜೋಡಿಸುತ್ತದೆ. ಎರಡನ್ನೂ ಒಮ್ಮೆಗೇ ತೆಗೆದರೆ ಕೇಕ್ ರಬ್ಬರಿನಂತಾಗುತ್ತದೆ. ಆದ್ದರಿಂದ ಮೊದಲು ಬೆಣ್ಣೆಯ ಅರ್ಧಪಾಲಿಗೆ ಮಾತ್ರ ರುಬ್ಬಿದ ಹಣ್ಣು ಹಾಕಿ. ಸಕ್ಕರೆಯನ್ನು ಕಾಲುಭಾಗ ಇಳಿಸಿದರೆ ಸಾಕು. ಮಗನ ನಾಲಿಗೆ ಒಗ್ಗಿದ ಮೇಲೆ ಇನ್ನಷ್ಟು ನೋಡೋಣ.

ಕುಂಬಳಕಾಯಿಯ ನೀರು ಇಂಗಿಸುವುದನ್ನು ಅತ್ತೆಯವರನ್ನೇ ಕೇಳಿ. ನಮ್ಮ ಕಡೆ ಗಾರಿಗೆ ಮಾಡುವವರು ತುರಿದ ಕುಂಬಳಕಾಯಿಯನ್ನು ಬೆಲ್ಲದ ಜೊತೆ ಬೇಯಿಸಿ, ಅದು ಹಿಡಿಯುವಷ್ಟೇ ಹಿಟ್ಟು ಹಾಕಿ ಕಲಸುತ್ತಾರಲ್ಲ, ಆ ಹದ ಹಿರಿಯರ ಕೈಗೆ ಗೊತ್ತು. ‘ಅತ್ತೀ, ಇದು ಎಷ್ಟು ಗಟ್ಟಿ ಆಗಬೇಕು, ನೀವೇ ನೋಡಿ ಹೇಳ್ರಿ’ ಅನ್ನಿ. ಅವರ ಕೈಯೂ ಬಿದ್ದ ಅಡುಗೆಯನ್ನು ಹಾಳು ಅನ್ನಲು ಅವರಿಗೂ ಮನಸ್ಸು ಬರಲಿಕ್ಕಿಲ್ಲ. ಇಂಥ ಕೇಕಿನಲ್ಲಿ ತೇವ ಹೆಚ್ಚು. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲಿಡಿ.

ಮುಚ್ಚಿಟ್ಟು ಬೆರೆಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಮಗನಿಗೆ ಒಂದು ದಿನ ತಿಳಿದರೆ ನಿಮ್ಮ ಕೈಯಡುಗೆಯ ಮೇಲೆಯೇ ಅನುಮಾನ ಬರುತ್ತದೆ. ಮಾವನವರ ವಿಷಯ ಇನ್ನೂ ಗಂಭೀರ. ಸಕ್ಕರೆ ಹಾಕದಿದ್ದರೂ ಬಾಳೆಹಣ್ಣು, ಮೈದಾ, ಬೆಲ್ಲ ಎಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ‘ಆರೋಗ್ಯದ ಕೇಕ್’ ಎಂದು ನಂಬಿ ಅವರು ಎರಡು ತುಂಡು ಹೆಚ್ಚು ತಿಂದರೆ ತೊಂದರೆ. ಏನೇನು ಹಾಕಿದ್ದೀರಿ ಎಂದು ಹೇಳಿಯೇ ಕೊಡಿ. ಎಷ್ಟು ತಿನ್ನಬಹುದು ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೋ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೋ ಕೇಳಿ. ಕೇಕ್ ಬದಲಾಯಿತೆಂದು ಮಾತ್ರೆ ಬಿಡುವಂತಿಲ್ಲ.

ಇಡೀ ಮನೆಯ ಆರೋಗ್ಯವನ್ನು ನೀವೊಬ್ಬರೇ ಹೊರಬೇಕಿಲ್ಲ. ಈ ಭಾರ ನಿಮ್ಮ ಊಟ, ನಿದ್ದೆಯನ್ನೇ ಕೆಡಿಸುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.