ಖಾತೆ ಅಣ್ಣನ ಹೆಸರಿಗೆ ಹೋದರೆ ಹೊಲವೂ ಹೋಯಿತೇ?

ಚೆನ್ನೈನ ಮಣಲಿಯಿಂದ ಬರೆದಿರುವ ತಂಗಿಗೆ,

ಪಹಣಿಯ 9ನೇ ಕಾಲಂನಲ್ಲಿ ಅಣ್ಣನ ಹೆಸರೊಂದೇ ಇದೆ ಅಂದ ಮಾತ್ರಕ್ಕೆ ಕೊಳ್ಳೇಗಾಲದಲ್ಲಿ ನಿಮ್ಮ ತಂದೆ ಬಿಟ್ಟುಹೋದ ಒಂದೂವರೆ ಎಕರೆ ಅವರೊಬ್ಬರದೇ ಆಗುವುದಿಲ್ಲ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಕಂದಾಯಕ್ಕಾಗಿ ಇಡುವ ದಾಖಲೆ; ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರಿಂದ, ಇಂದಿಗೂ ಅದೇ ಹೊಲದಲ್ಲಿ ರಾಗಿ ಬೆಳೆಯುತ್ತಿರುವ ನಿಮ್ಮ ತಾಯಿಗೂ ನಿಮಗೂ ಪಾಲಿದೆ. ಮದುವೆಯಾಗಿ ಚೆನ್ನೈ ಸೇರಿದ್ದೀರೆಂದು ಅದು ತಪ್ಪುವುದಿಲ್ಲ.

ಮೊದಲು ಮ್ಯುಟೇಷನ್ ನಕಲು ತೆಗೆಸಿ, ಕಡತದಲ್ಲಿರುವ ವಂಶವೃಕ್ಷ ನೋಡಿ. ನಿಮ್ಮ ಹೆಸರು ಬಿಟ್ಟಿದ್ದರೆ ಅದೇ ಬಲವಾದ ಸಾಕ್ಷ್ಯ. ವಿಷಯ ತಿಳಿದ 60 ದಿನಗಳೊಳಗೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿ. ಆದರೆ ಹಕ್ಕು ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲೇ. ವಿಭಾಗದ ದಾವೆಯ ಜೊತೆಗೇ, ಜಮೀನು ಪರಭಾರೆ ಆಗದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಕಾನೂನೇ ಬದಲಾಗಬೇಕಲ್ಲವೇ ಎಂದು ಕೇಳಿದ್ದೀರಿ. ಹೌದು. ಹಿತಾಸಕ್ತಿಯುಳ್ಳ ಎಲ್ಲರಿಗೂ ಲಿಖಿತ ತಿಳಿವಳಿಕೆ ಕೊಡಬೇಕೆಂದು ಅದೇ ಕಾಯ್ದೆಯ 129ನೇ ಕಲಂ ಈಗಲೂ ಹೇಳುತ್ತದೆ. ಆದರೆ ಚಾವಡಿಯ ಗೋಡೆಗೆ ಅಂಟಿಸಿ ಮುಗಿಸಿದರೆ ಆ ನೋಟಿಸು ಮಣಲಿಯಲ್ಲಿರುವ ಮಗಳಿಗೆ ಕಾಣುವುದೆಂತು? ಪ್ರತಿ ವಾರಸುದಾರರಿಗೂ ನೋಟಿಸು ಮುಟ್ಟಿದ ರುಜುವಾತು ಇಲ್ಲದೆ ಖಾತೆ ಬದಲಾಗಬಾರದು ಎಂಬ ತಿದ್ದುಪಡಿ ಬರಲೇಬೇಕು. ಸಣ್ಣ ಹಿಡುವಳಿದಾರರಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ತ್ರಾಣ ಎಲ್ಲಿಂದ ಬರಬೇಕು?

ಇವತ್ತೇ ತಾಯಿಗೆ ಫೋನ್ ಮಾಡಿ: ಯಾರೇ ಕೇಳಿದರೂ ಹಕ್ಕುಬಿಡುಗಡೆ ಪತ್ರಕ್ಕಾಗಲಿ, ಖಾಲಿ ಕಾಗದಕ್ಕಾಗಲಿ ಹೆಬ್ಬೆಟ್ಟು ಒತ್ತದಿರಲಿ.