ಜೀತದ ಗುರುತುಗಳೂ ಗ್ರಾಮದ ಮುಖಂಡರ ಕರ್ತವ್ಯವೂ

ಎಲೆಯ ಮೇಲಿನ ಚುಕ್ಕೆಯನ್ನು ಕಂಡು ಬೆಳೆಯ ರೋಗವನ್ನು ತಿಳಿಯುವುದು ಬೇಸಾಯಗಾರರಿಗೆ ಹೊಸತಲ್ಲ. ಅದರಂತೆಯೇ ಗ್ರಾಮದಲ್ಲಿ ಜೀತವಿದೆಯೇ ಎಂಬುದನ್ನೂ ಕೆಲವು ಗುರುತುಗಳಿಂದ ತಿಳಿಯಬಹುದು.

ಜೀತವೆಂದರೇನು? ಸಾಲವನ್ನಾಗಲಿ ಮುಂಗಡವನ್ನಾಗಲಿ ಕೊಟ್ಟು, ಅದರ ಸಲುವಾಗಿ ಸಾಲಗಾರನು ಅಥವಾ ಅವನ ಮನೆಯವರು ಕೂಲಿಯಿಲ್ಲದೆ ಇಲ್ಲವೆ ಅಲ್ಪ ಕೂಲಿಗೆ ದುಡಿಯಬೇಕೆಂದೂ, ಬೇರೆ ಕೆಲಸಕ್ಕೆ ಹೋಗಕೂಡದೆಂದೂ ಕಟ್ಟು ಮಾಡುವುದೇ ಜೀತ. ಪತ್ರವಿದ್ದರೂ ಬಾಯಿಮಾತಾದರೂ ಒಂದೇ. ಸಂವಿಧಾನದ 23ನೆಯ ವಿಧಿಯು ಮನುಷ್ಯರ ಮಾರಾಟವನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು 1975ನೆಯ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದುದಾಗಿ ಎಣಿಸಲ್ಪಟ್ಟಿದೆ.

ಜೀತವು ಬೆಳೆಯುವ ಬಗೆಯನ್ನು ನೋಡಿರಿ. ಒಬ್ಬನು ಮಗಳ ಮದುವೆಗಾಗಿ 20,000 ರೂಪಾಯಿ ಪಡೆದನೆನ್ನೋಣ. ಧಣಿಯು ಕೊಟ್ಟ ಅಕ್ಕಿ, ಜ್ವರದ ಔಷಧಿ, ಹಬ್ಬಕ್ಕೆ ಊರಿಗೆ ಹೋದ ದಿನಗಳ ದಂಡ, ಇವೆಲ್ಲವೂ ಲೆಕ್ಕಕ್ಕೆ ಸೇರಿ, ವರ್ಷಾಂತ್ಯದಲ್ಲಿ ಸಾಲವು ಇಳಿಯುವುದಕ್ಕೆ ಬದಲಾಗಿ ಏರಿರುತ್ತದೆ. ಲೆಕ್ಕದ ಪುಸ್ತಕವಂತೂ ಧಣಿಯ ಕೈಯಲ್ಲಿಯೇ ಇರುವುದು.

ಗಮನಿಸತಕ್ಕ ಗುರುತುಗಳು:

1. ಕೂಲಿಯು ಕೈಗೆ ಸಿಕ್ಕದೆ ಸಾಲಕ್ಕೇ ವಜಾ ಆಗುವುದು.
2. ಸಂತೆಗೆ, ನೆಂಟರ ಮನೆಗೆ ಹೋಗಲು ಅಪ್ಪಣೆ ಬೇಕಾಗುವುದು. ಹೋದರೂ ಹೆಂಡತಿ ಮಕ್ಕಳನ್ನು ಒತ್ತೆಯಂತೆ ಉಳಿಸಿಕೊಳ್ಳುವುದು.
3. ಗುರುತಿನ ಚೀಟಿಗಳು ಧಣಿಯ ಇಲ್ಲವೆ ಮೇಸ್ತ್ರಿಯ ವಶದಲ್ಲಿರುವುದು.
4. ತಂದೆಯ ಸಾಲಕ್ಕೆ ಮಗನು ದುಡಿಯುವುದು. ಮಕ್ಕಳು ಶಾಲೆ ಬಿಟ್ಟಿರುವುದು.
5. ಪರಸ್ಥಳದಿಂದ ಬಂದವರು ಇಟ್ಟಿಗೆಗೂಡು, ಕಲ್ಲುಗಣಿ, ತೋಟಗಳಲ್ಲಿ ಯಾರೊಡನೆಯೂ ಮಾತನಾಡಲು ಅಂಜುವುದು.

ಇಂಥದನ್ನು ಕಂಡವರು ಧಣಿಯ ಎದುರಿನಲ್ಲಿ ಆಳನ್ನು ವಿಚಾರಿಸಕೂಡದು. ಪಂಚಾಯಿತಿ ಸೇರಿಸಿ ರಾಜಿ ಮಾಡಿಸಲೂ ಕೂಡದು. ರಾಜಿಯ ಮರುದಿನ ಆಳುಗಳು ಬೇರೆಡೆಗೆ ಸಾಗಿಸಲ್ಪಡಬಹುದು. ಸ್ಥಳ, ಜನರ ಸಂಖ್ಯೆ, ಮಕ್ಕಳಿದ್ದರೆ ಆ ವಿವರ, ಇವನ್ನು ಬರೆದು ತಹಸೀಲ್ದಾರರಿಗೆ, ಉಪವಿಭಾಗಾಧಿಕಾರಿಗಳಿಗೆ ಇಲ್ಲವೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ತುರ್ತಾದರೆ 112ಕ್ಕೂ, ಮಕ್ಕಳ ವಿಷಯವಾದರೆ 1098ಕ್ಕೂ ದೂರವಾಣಿ ಮಾಡಬಹುದು. ಬಿಡುಗಡೆಯಾದವನ ಜೀತದ ಸಾಲವು ಕಾಯಿದೆಯ ಮೇರೆಗೆ ಅಳಿದುಹೋಗುವುದು. ಅವನನ್ನು ವಾಸದ ಮನೆಯಿಂದ ಹೊರಹಾಕುವಂತಿಲ್ಲ. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತ ಮಾಡಿಸಿದವನಿಗೆ 3 ವರ್ಷಗಳವರೆಗೆ ಸೆರೆವಾಸವೂ 2,000 ರೂಪಾಯಿವರೆಗೆ ದಂಡವೂ ಉಂಟು.

ಕೊನೆಯದಾಗಿ ಜಮೀನುದಾರರಿಗೊಂದು ಮಾತು. ಕಷ್ಟಕಾಲದಲ್ಲಿ ಆಳಿಗೆ ಹಣ ಕೊಡುವುದು ದೋಷವಲ್ಲ; ಆ ಹಣದಿಂದ ಅವನನ್ನು ಕಟ್ಟಿಹಾಕುವುದು ದೋಷ. ಆದಕಾರಣ ಸಾಲವನ್ನು ಸಾಲವಾಗಿಯೂ ಕೂಲಿಯನ್ನು ಕೂಲಿಯಾಗಿಯೂ ಬೇರೆಯಾಗಿಡಿರಿ; ನಿಗದಿಯಾದ ಕನಿಷ್ಠ ಕೂಲಿಯನ್ನು ಪೂರ್ಣವಾಗಿ ಕೈಗೆ ಕೊಡಿರಿ; ಬಿಟ್ಟುಹೋಗುವೆನೆಂದವನನ್ನು ತಡೆಯದಿರಿ. ನೆರೆಯ ಹೊಲವನ್ನು ಪರೀಕ್ಷಿಸುವ ಮೊದಲು ನಮ್ಮ ಹೊಲವನ್ನು ಪರೀಕ್ಷಿಸಿಕೊಳ್ಳುವುದು ವಿಹಿತವು.